ಮಂಡಗದ್ದೆ ದಾರಿಯಲ್ಲಿ ಸಿಕ್ಕ ತಿಳಿ ಬಣ್ಣದ ಹೆಬ್ಬಾತು

ಹೆಬ್ಬಾತು ಕಂಡರೆ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಮೊದಲು ಕೊಕ್ಕಿನ ಬುಡ, ಆಮೇಲೆ ಹೊಟ್ಟೆ, ಆಮೇಲೆ ನಿಲ್ಲುವ ರೀತಿ. ಈ ಕ್ರಮ ಇದ್ದಿದ್ದರಿಂದಲೇ ಡಿಸೆಂಬರ್‌ನಲ್ಲಿ ಕಂಡ ಈ ಹಕ್ಕಿಯ ವಿಷಯ ಬೇಗ ಒಂದು ದಾರಿಗೆ ಬಂತು.

ಮಂಡಗದ್ದೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವಾಗ ಜನ ಬರುತ್ತಾರೆ, ಅದು ಮುಗಿದ ಮೇಲೆ ಯಾರೂ ಇರಲ್ಲ. ನನಗೆ ಆ ಖಾಲಿ ಹೊತ್ತೇ ಇಷ್ಟ. ಸುಮ್ನೆ ಗದ್ದೆ ಬದು, ಸಣ್ಣ ಕೆರೆ ಅಂತ ಸುತ್ತುತ್ತೇನೆ. ಹಾಗೆ ಒಂದು ಕೆರೆಯಲ್ಲಿ ಬಿಳಿ, ಕಂದು ಹೆಬ್ಬಾತುಗಳ ಗುಂಪಿನ ನಡುವೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ್ದೊಂದು ಇತ್ತು.

ಗೆಳೆಯನಿಗೆ ಫೋಟೊ ಕಳಿಸಿದೆ. 'ಪಟ್ಟೆತಲೆ ಇರಬೇಕು ಮಾರಾಯ, ಬಿಡಬೇಡ' ಅಂದ. ಪಟ್ಟೆತಲೆ ಹೆಬ್ಬಾತು ಅಂದರೆ ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರಬೇಕು, ಇದಕ್ಕೆ ಒಂದೂ ಇಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಆ ಹಕ್ಕಿಗಳಿಗೆ ಬಯಲು ಸೀಮೆ ಹೊಲಗಳು ಬೇಕು, ಅದಕ್ಕೇ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಅಷ್ಟು ಸಂಖ್ಯೆಯಲ್ಲಿ ಇಳಿಯುತ್ತವೆ. ಇದರ ಕೊಕ್ಕಿನ ಬುಡದಲ್ಲಿ ಗಂಟು, ಹೊಟ್ಟೆ ನೆಲಕ್ಕೆ ಇಳಿಬಿದ್ದ ಹಾಗೆ. ಚೀನಾ ಕಡೆಯ ಹಂಸ ಹೆಬ್ಬಾತಿನಿಂದ ಬಂದ ಸಾಕು ತಳಿ. ಕಾಡಿನದಕ್ಕೆ ಈ ದಪ್ಪ ಗಂಟು ಇರಲ್ಲ.

ಸಾಕು ಹಕ್ಕಿ ಅಂದ ತಕ್ಷಣ ಬಹಳ ಜನ ಬೈನಾಕ್ಯುಲರ್ ಇಳಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣಲ್ಲ. ನಾವು ದಿನಾ ನೋಡುವ ಸಾಕು ಹೆಬ್ಬಾತು ಪೂರ್ತಿ ಬಿಳಿ, ಇಲ್ಲವೇ ಕತ್ತಿನ ಹಿಂದೆ ಕಡು ಕಂದು ಗೆರೆ ಇರುವ ಕಂದು, ಇಲ್ಲವೇ ಎರಡೂ ಬೆರೆತ ಮಚ್ಚೆಯದು. ಇದು ಮೂರರಲ್ಲೂ ಇಲ್ಲ.

ಬೆಳಗಿನ ಓರೆ ಬಿಸಿಲಿಗೆ ಕಂದು ಕೂಡ ಹೊನ್ನಾಗಿ ಕಾಣುತ್ತೆ, ಅದಕ್ಕೆ ಬಿಸಿಲು ಏರುವವರೆಗೆ ಬದುವಿನ ಮೇಲೆ ಕೂತು ಮಾಮೂಲಿ ಕಂದು ಹಕ್ಕಿ, ಬಿಳಿ ಹಕ್ಕಿ, ಇದು ಮೂರೂ ಒಂದೇ ಫ್ರೇಮಿಗೆ ಬರುವ ಹಾಗೆ ಫೋಟೊ ತೆಗೆದೆ. ವ್ಯತ್ಯಾಸ ಹಾಗೇ ಇತ್ತು. ಹಳೇ ಗರಿ ಬಿಸಿಲಿಗೆ ಮಾಸಿದ್ದರೆ ಒಂದರ ಕೆಳಗೊಂದು ಮುಚ್ಚಿಕೊಂಡ ಭಾಗ ಕಪ್ಪಾಗಿ ಉಳಿದಿರುತ್ತೆ. ಇದು ರೆಕ್ಕೆ ಚಾಚಿದಾಗ ಒಳಗೂ ಅದೇ ತಿಳಿ ಬಣ್ಣ. ಕಂದು ಹಕ್ಕಿಗಳ ಕೊಕ್ಕು ಕಪ್ಪು, ಇದರದ್ದು ಮಾತ್ರ ಮಣ್ಣು ಗುಲಾಬಿ, ಕೊಕ್ಕು ಬಿಸಿಲಿಗೆ ಹೀಗೆ ಬದಲಾಗಲ್ಲ ಅಲ್ವಾ? ಕಣ್ಣು ಕೆಂಪಿಲ್ಲ, ಹಾಗಾಗಿ ಹುಟ್ಟಿನಿಂದಲೇ ಬಣ್ಣವಿಲ್ಲದ ಆಲ್ಬಿನೊ ಅಲ್ಲ. ಅಲ್ಲಲ್ಲಿ ಬಿಳಿ ತೇಪೆಯೂ ಇಲ್ಲ. ಕತ್ತಿನ ಗೆರೆ ಇದೆ, ಆದರೆ ತೆಳುವಾಗಿ. ಅಂದರೆ ಬಣ್ಣ ಹೋಗಿಲ್ಲ, ಮೈಯೆಲ್ಲಾ ಸಮನಾಗಿ ತಿಳಿಯಾಗಿದೆ. ಇದನ್ನೇ ಸಾಕುವವರು ಬಫ್ ಅನ್ನುತ್ತಾರೆ.

ಅಷ್ಟರಲ್ಲಿ ಈ ಹೆಬ್ಬಾತುಗಳನ್ನು ಸಾಕಿದ ಮನೆಯವರು ಬಂದರು. ತೋಟದ ಕಾವಲಿಗೆ ಅಂತ ಸಾಕಿದ್ದಂತೆ.

'ಅಮ್ಮಾ, ಈ ಬಣ್ಣದ್ದು ಎಲ್ಲಿಂದ ತಂದ್ರಿ?'

'ತಂದಿದ್ದಲ್ಲ ತಮ್ಮಾ, ಇಲ್ಲೇ ಹುಟ್ಟಿದ್ದು. ಅಪ್ಪ, ಅಮ್ಮ ಎರಡೂ ಕಂದೇ. ಇದು ಮೊಟ್ಟೆ ಬೇರೆ ಇಡ್ತದೆ.'

ನನಗೆ ಬೇಕಾಗಿದ್ದು ಆ ಕೊನೇ ಮಾತು. ಮೊಟ್ಟೆ ಇಡುತ್ತೆ ಅಂದರೆ ಇದು ಹೆಣ್ಣು. ಹೆಬ್ಬಾತಿನಲ್ಲಿ ಬಫ್ ಬಣ್ಣದ ಜೀನ್ ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮ್ ಮೇಲಿದೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಗಂಡು ಒಂದರಲ್ಲಿ ಬಫ್ ಹೊತ್ತಿದ್ದರೂ ಇನ್ನೊಂದು ಅದನ್ನು ಮುಚ್ಚಿಡುತ್ತೆ, ನೋಡಲು ಕಂದೇ. ಮಗಳಿಗೆ ಅಪ್ಪನಿಂದ ಆ ಝಡ್ ಬಂದರೆ ಮುಚ್ಚಲು ಇನ್ನೊಂದಿಲ್ಲ, ಬಣ್ಣ ಹೊರಗೆ ಬರುತ್ತೆ. ಕಂದು ಜೋಡಿಗೆ ಬಫ್ ಹುಟ್ಟಿದರೆ ಅದು ಹೆಣ್ಣೇ ಆಗಬೇಕು.

ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ತಾಣದಲ್ಲಿ ಹಂಸ ಹೆಬ್ಬಾತು, ಸಾಕು ಮಾದರಿ ಅಂತ ಹಾಕಿ, ಟಿಪ್ಪಣಿಯಲ್ಲಿ ಬಣ್ಣ, ಕೊಕ್ಕು, ಮನೆಯವರ ಮಾತು ಬರೆದು ಫೋಟೊ ಸೇರಿಸಿದೆ. ಇದರ ಅಪ್ಪ, ಆ ಕಂದು ಗಂಡು, ಇನ್ನೂ ಅಲ್ಲೇ ಇದೆ. ಇದರ ಮೊಟ್ಟೆಗಳು ಆ ಗಂಡಿನವೇ ಆದರೆ ಮರಿಗಳಲ್ಲಿ ಹೆಣ್ಣು, ಗಂಡು ಎರಡರಲ್ಲೂ ಅರ್ಧದಷ್ಟು ಬಫ್ ಬರಬೇಕು. ಕಾವಿಗೆ ಕೂರಿಸಿದರೆ ಸುಮಾರು 30 ದಿನಕ್ಕೆ ಮರಿ. ಕೂರಿಸಿದ ದಿನ ಫೋನ್ ಮಾಡಿ ಅಂತ ಹೇಳಿ ಬಂದಿದ್ದೇನೆ.