ಕಾರಿನ ಸ್ಪೀಕರ್‌ನಲ್ಲಿ ಸಿಳ್ಳು ಹಾಕುವುದು ಯಾರು?

ಬಾಗಲಕೋಟೆಯಿಂದ ಮುಧೋಳಕ್ಕೆ ಹೊರಟಿದ್ದೆ. ಡಿಕ್ಕಿಯಲ್ಲಿ ಹಾಡಿನ ದನಿಗೆ ಬಲ ಕೊಡುವ ಹೊಸ ಆಂಪ್ಲಿಫೈಯರ್ (ಆಂಪ್), ಹಾಕಿಸಿ ಎರಡೇ ದಿನವಾಗಿತ್ತು. ಕಲಾದಗಿಯಲ್ಲಿ ಇಂಜಿನ್ ಬಂದ್ ಮಾಡಿ ದಾಳಿಂಬೆ ಕೊಳ್ಳುವಾಗ ಹಾಡು ಚೆನ್ನಾಗಿಯೇ ಇತ್ತು. ಮತ್ತೆ ಹೊರಟು ಎಕ್ಸಲರೇಟರ್ ಒತ್ತಿದ್ದೇ ತಡ, ಹಾಡಿನ ಹಿಂದೆ ಸಣ್ಣಗೆ ‘ಕುಂಯ್’ ಎಂದು ಒಂದು ಸಿಳ್ಳು. ಒತ್ತಿದಷ್ಟೂ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಎದುರಿಗೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಬರುತ್ತಿದ್ದ ಟ್ರ್ಯಾಕ್ಟರ್‌ನ ಸ್ಪೀಕರ್ ಡಬ್ಬಿ ಇಡೀ ಊರಿಗೆ ಕೇಳುವಂತೆ ಹಾಡುತ್ತಿತ್ತು. ಅದರಲ್ಲಿ ಸಿಳ್ಳಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಇದ್ದರೂ ಆ ಇಂಜಿನ್ ಗದ್ದಲದಲ್ಲಿ ಯಾರ ಕಿವಿಗೆ ಬೀಳಬೇಕು ಎಂಬುದು ಹೊಳೆದದ್ದು ಲೋಕಾಪುರ ದಾಟಿದ ಮೇಲೆ.

ಆಂಪ್ ಕೂರಿಸಿದ ಅಂಗಡಿಗೆ ಹೋದರೆ ‘ಒಂದು ಫಿಲ್ಟರ್ ಹಾಕೋಣ ಸರ್, ಹೋಗುತ್ತದೆ’ ಎಂದರು. ಹಾಕಿದರು, ಹೋಗಲಿಲ್ಲ. ಎರಡನೆಯದನ್ನೂ ಹಾಕಿದರು. ಆಮೇಲೆ ನಾನೇ ಪಾನಾ ಹಿಡಿದು ಕುಳಿತೆ. ಕೊನೆಗೆ ಸಿಕ್ಕ ತಪ್ಪಿಗೆ ತಗುಲಿದ ಖರ್ಚು ಒಂದು ತುಂಡು ಸ್ಯಾಂಡ್ ಪೇಪರ್. ಆದ್ದರಿಂದ ಈ ಲೇಖನದಲ್ಲಿ ಕೊಳ್ಳುವ ಮಾತು ಕೊನೆಗೆ ಬರುತ್ತದೆ, ಹುಡುಕುವ ಮಾತು ಮೊದಲು.

ಮೊದಲು ಕಿವಿಗೆ ಕೆಲಸ

ಕಾರನ್ನು ಬಯಲಿನಲ್ಲಿ ನಿಲ್ಲಿಸಿ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿಕೊಂಡು ಕೂರಬೇಡಿ, ಹೊಗೆಯ ವಿಷ ವಾಸನೆ ಇಲ್ಲದೆಯೇ ಆಳನ್ನು ಕೆಡವುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಇಂಜಿನ್ ಬಂದ್ ಇರುವಾಗ ಚಾವಿಯನ್ನು ಒಂದು ಹೆಜ್ಜೆ ತಿರುಗಿಸಿ ಡೆಕ್ (ಡ್ಯಾಶ್‌ಬೋರ್ಡಿನ ಸ್ಟೀರಿಯೊ) ಮಾತ್ರ ಹಾಕಿ, ಹಾಡು ನಿಲ್ಲಿಸಿ, ವಾಲ್ಯೂಮ್ ಏರಿಸಿ ಕೇಳಿ. ಅನಂತರ ಇಂಜಿನ್ ಶುರು ಮಾಡಿ, ಎಕ್ಸಲರೇಟರ್ ಮೆಲ್ಲಗೆ ಒತ್ತಿ ಬಿಡಿ.

ಇಂಜಿನ್ ಬಂದ್ ಇದ್ದಾಗಲೂ ಮಳೆ ಸುರಿದಂತೆ ‘ಸುಸ್’ ಎಂದು ಕೇಳಿದರೆ ಅದು ಆಂಪ್‌ನ ಗೇನ್ ಹೆಚ್ಚಾದ ಗುರುತು. ಗೇನ್ ಎಂಬುದು ಇನ್ನೊಂದು ವಾಲ್ಯೂಮ್ ಗುಂಡಿಯಲ್ಲ, ಡೆಕ್‌ನಿಂದ ಬರುವ ಸಿಗ್ನಲ್‌ಗೆ ಆಂಪ್ ಅನ್ನು ಹೊಂದಿಸುವ ತಿರುಪು. ಡೆಕ್‌ನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಗೇನ್ ಪೂರ್ತಿ ಇಳಿಸಿ, ದನಿ ಒಡೆಯುವ ಹಂತಕ್ಕೆ ಸ್ವಲ್ಪ ಮೊದಲಿನವರೆಗೆ ಮಾತ್ರ ಏರಿಸಿ. ಮುಗಿಯಿತು.

ಇಂಜಿನ್ ವೇಗಕ್ಕೆ ತಕ್ಕಂತೆ ಸಿಳ್ಳು ಏರಿಳಿದರೆ ಮೂಲ ಆಲ್ಟರ್ನೇಟರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೊ. ಅದು ಹುಟ್ಟಿಸುವುದು ಎಸಿ ವಿದ್ಯುತ್. ಒಳಗಿನ ಡಯೋಡ್‌ಗಳು ಅದನ್ನು ಡಿಸಿ ಮಾಡಿದರೂ ಸಣ್ಣ ಅಲೆಗಳು ಉಳಿಯುತ್ತವೆ. ಇಂಜಿನ್ ಜೋರಾದಷ್ಟೂ ಅಲೆಗಳು ಹತ್ತಿರವಾಗುತ್ತವೆ, ಸಿಳ್ಳು ಏರುತ್ತದೆ. ಆದರೆ ಈ ಅಲೆ ಪ್ರತಿಯೊಂದು ಕಾರಿನಲ್ಲೂ ಇದೆ. ನಿಮ್ಮ ಹಾಡಿನೊಳಗೆ ಅದು ಯಾವ ಬಾಗಿಲಿನಿಂದ ನುಗ್ಗಿತು ಎಂಬುದೇ ಪ್ರಶ್ನೆ.

ಒಂದೊಂದಾಗಿ ಕಳಚಿ ನೋಡಿ

ಆಂಪ್ ಇಲ್ಲದೆ ಬರೀ ಡೆಕ್ ಇರುವವರು ಇಷ್ಟು ಮಾಡಿ: ಮೊಬೈಲ್ ಚಾರ್ಜರ್‌ಗೂ ಹಾಕಿ, ಆಕ್ಸ್ ವೈರ್‌ನಿಂದ ಡೆಕ್‌ಗೂ ಜೋಡಿಸಿದ್ದೀರಾ? ಚಾರ್ಜರ್ ಕಿತ್ತುಬಿಡಿ. ಸಿಳ್ಳು ಅಲ್ಲೇ ನಿಂತರೆ ಕಳ್ಳ ಸಿಕ್ಕ. ಮೊಬೈಲ್‌ಗೆ ಎರಡು ಕಡೆಯಿಂದ ಅರ್ಥ್ (ವಿದ್ಯುತ್ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ಹಾದಿ) ಸಿಕ್ಕಿ ಒಂದು ಸುತ್ತು ಏರ್ಪಟ್ಟಿರುತ್ತದೆ, ಆ ಸುತ್ತಿನಲ್ಲಿ ಸಿಳ್ಳು ಹರಿಯುತ್ತದೆ. ಬ್ಲೂಟೂತ್ ಬಳಸಿದರೆ ಈ ತಂಟೆಯೇ ಇಲ್ಲ.

ಆಂಪ್ ಇರುವವರಿಗೆ ಕೆಲಸ ಸ್ವಲ್ಪ ಹೆಚ್ಚು. ಡೆಕ್‌ನಿಂದ ಆಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ವೈರ್‌ಗಳನ್ನು, ಎಲ್ಲ ಬಂದ್ ಮಾಡಿದ ಮೇಲೆ, ಆಂಪ್‌ನ ಕಡೆಯಿಂದ ಕಿತ್ತು ಮತ್ತೆ ಇಂಜಿನ್ ಶುರು ಮಾಡಿ. ಸಿಳ್ಳು ಇನ್ನೂ ಇದ್ದರೆ ತಪ್ಪು ಆಂಪ್‌ನ ಪವರ್, ಅರ್ಥ್ ಅಥವಾ ಸ್ಪೀಕರ್ ವೈರ್‌ನಲ್ಲಿದೆ. ನಿಂತರೆ ಸಿಳ್ಳು ಆರ್‌ಸಿಎ ಹಾದಿಯಿಂದ ಬರುತ್ತಿದೆ ಎಂದಾಯಿತು.

ಆಗ ಒಂದು ಪರೀಕ್ಷೆ ಮಾಡಿ, ನನಗೆ ಬಹಳ ಇಷ್ಟವಾದದ್ದು. ಚಾರ್ಜರ್‌ಗೆ ಹಾಕದ ಮೊಬೈಲನ್ನು ಹಿಂದಿನ ಸೀಟಿನಲ್ಲಿಟ್ಟು, ಹೆಡ್‌ಫೋನ್ ತೂತಿನಿಂದ ಆರ್‌ಸಿಎಗೆ ಹೋಗುವ ಗಿಡ್ಡ ವೈರ್‌ನಿಂದ ಅದನ್ನು ನೇರ ಆಂಪ್‌ಗೆ ಜೋಡಿಸಿ. ಮೊಬೈಲ್ ತನ್ನ ಬ್ಯಾಟರಿಯ ಮೇಲೆ ನಡೆಯುವುದರಿಂದ ಕಾರಿನ ಅರ್ಥ್‌ಗೂ ಅದಕ್ಕೂ ಬೇರೆ ನಂಟಿಲ್ಲ. ಹಾಡು ಶುದ್ಧವಾಗಿ ಬಂದರೆ ಆಂಪ್ ನಿರಪರಾಧಿ. ಡೆಕ್‌ನ ಅರ್ಥ್ ಮತ್ತು ಆಂಪ್‌ನ ಅರ್ಥ್ ಒಂದಕ್ಕೊಂದು ಸರಿಹೊಂದುತ್ತಿಲ್ಲ, ಇಲ್ಲವೇ ಆರ್‌ಸಿಎ ವೈರ್ ಹಾದುಹೋದ ದಾರಿ ಸರಿಯಿಲ್ಲ.

ಎಲ್ಲ ಜಗಳದ ಬೇರು: ಅರ್ಥ್

ಇಲ್ಲಿ ಅವಸರ ಬೇಡ. ಮಲ್ಟಿಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿಯನ್ನು ಆಂಪ್‌ನ ಅರ್ಥ್ ಸ್ಕ್ರೂಗೆ, ಇನ್ನೊಂದನ್ನು ಉದ್ದ ವೈರ್ ಸೇರಿಸಿ ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. ಇಂಜಿನ್ ಓಡುತ್ತಿರಲಿ, ಹಾಡು ಜೋರಾಗಿರಲಿ. ಮೀಟರ್ 0.1 ವೋಲ್ಟ್‌ನೊಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್‌ನ ಕಡೆಗೆ ಹೋದರೆ ಅಲ್ಲೇ ರೋಗವಿದೆ. ಕೆಲವರು ಓಮ್ ಅಳೆಯಲು ಹೇಳುತ್ತಾರೆ. ಅಗ್ಗದ ಮೀಟರ್‌ನ ಕಡ್ಡಿಗಳಿಗೇ ಒಂದಿಷ್ಟು ಓಮ್ ಇರುತ್ತದೆ, ಆ ಅಂಕಿಯನ್ನು ನಾನು ನಂಬುವುದಿಲ್ಲ.

ನನ್ನ ಕಾರಿನಲ್ಲಿ ಹಿಂದಿನ ಸೀಟು ಎತ್ತಿ ನೋಡಿದೆ. ಅರ್ಥ್ ವೈರ್‌ನ ತುದಿಯ ಲೋಹದ ಬಳೆಯನ್ನು ಬೋಲ್ಟ್‌ನಡಿ ಅಚ್ಚುಕಟ್ಟಾಗಿ ಬಿಗಿದಿದ್ದರು. ಬಳೆಯ ಕೆಳಗೆ ಕಂಪನಿಯ ಬೂದು ಪೇಂಟ್ ಹಾಗೇ ಹೊಳೆಯುತ್ತಿತ್ತು. ವಿದ್ಯುತ್ ಬೋಲ್ಟ್‌ನ ಥ್ರೆಡ್‌ಗಳ ಮೂಲಕ ಹೇಗೋ ತೂರಿಕೊಂಡು ಹೋಗುತ್ತಿತ್ತು, ಅಷ್ಟೇ. ಉಳಿದದ್ದು ಆರ್‌ಸಿಎ ವೈರ್‌ನ ಹೊರಜಾಳಿಗೆಯನ್ನೇ ಹಾದಿ ಮಾಡಿಕೊಂಡಿತ್ತು.

ಸರಿಪಡಿಸುವ ಕ್ರಮ ಇದು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಸಾಮಾನ್ಯವಾಗಿ 10 ನಂಬರ್ ಪಾನಾ ಸಾಕು. ಕೆಲವು ಡೆಕ್‌ಗಳು ಆಮೇಲೆ ಕೋಡ್ ಕೇಳುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಬಳೆ ಕೂರುವ ಜಾಗವನ್ನು ಬೆಳ್ಳಗೆ ಲೋಹ ಕಾಣುವವರೆಗೆ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಹಲ್ಲಿನ ವಾಶರ್ ಇಟ್ಟು ಬಿಗಿಯಿರಿ. ತುಕ್ಕು ಹಿಡಿಯದಂತೆ ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಅರ್ಥ್ ವೈರ್ ಪವರ್ ವೈರ್‌ನಷ್ಟೇ ದಪ್ಪವಿರಲಿ, ಉದ್ದ ಒಂದು ಮೊಳ ಮೀರದಿರಲಿ. ಸೀಟ್ ಬೆಲ್ಟ್‌ನ ಬೋಲ್ಟ್ ಮುಟ್ಟಬೇಡಿ, ಅದು ಜೀವ ಹಿಡಿಯುವ ಬೋಲ್ಟ್. ಹೊಸ ತೂತು ಕೊರೆಯುವ ಮುನ್ನ ಕಾರಿನ ಕೆಳಗೆ ಬಗ್ಗಿ ನೋಡಿ. ಅನೇಕ ಸಣ್ಣ ಕಾರುಗಳ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಅಡಿಯಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿ ಬಂದರೆ ಹಳದಿ ಕನೆಕ್ಟರ್‌ಗಳಿಗೆ ಕೈ ಹಾಕಬೇಡಿ, ಅವು ಏರ್‌ಬ್ಯಾಗ್‌ನವು.

ಅರ್ಥ್ ಸರಿಯಾದ ಮೇಲೂ ಸಿಳ್ಳು ಉಳಿದರೆ ಆರ್‌ಸಿಎ ವೈರ್‌ನ ಹಾದಿ ನೋಡಿ. ಬೇರೊಂದು ವೈರನ್ನು ಕಾರ್ಪೆಟ್ ಎತ್ತದೆ, ಸೀಟುಗಳ ಮೇಲಿಂದಲೇ ಡೆಕ್‌ನಿಂದ ಆಂಪ್‌ವರೆಗೆ ಎಳೆದು ಕೇಳಿ. ಸದ್ದು ಹೋದರೆ ಹಳೆಯ ವೈರ್ ಪವರ್ ವೈರ್‌ನ ಮಗ್ಗುಲಲ್ಲಿ ಮಲಗಿದೆ. ಪವರ್ ಒಂದು ಬದಿಯಿಂದ, ಆರ್‌ಸಿಎ ಇನ್ನೊಂದು ಬದಿಯಿಂದ ಹೋಗಬೇಕು. ಎರಡೂ ದಾಟಲೇಬೇಕಾದ ಕಡೆ ಅಡ್ಡಕ್ಕೆ ದಾಟಲಿ.

ಬ್ಯಾಟರಿಯನ್ನೂ ಒಮ್ಮೆ ಅಳೆಯಿರಿ. ಇಂಜಿನ್ ಬಂದ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಮೀಟರ್ ಅನ್ನು ಎಸಿಗೆ ತಿರುಗಿಸಿದರೆ ಅಂಕಿ ಸೊನ್ನೆಯ ಸಮೀಪವಿರಬೇಕು. ಅರ್ಧ ವೋಲ್ಟ್ ದಾಟಿದರೆ ಡೈನಮೊದ ಡಯೋಡ್ ಹೋಗಿರಬಹುದು. ಅದು ಎಲೆಕ್ಟ್ರಿಷಿಯನ್ ಕೆಲಸ.

ಇಷ್ಟೆಲ್ಲ ಆದರೂ ಸದ್ದು ಬಿಡದಿದ್ದರೆ ಮಾತ್ರ ಗ್ರೌಂಡ್ ಲೂಪ್ ಐಸೊಲೇಟರ್ ಕೊಳ್ಳಿ. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಅರ್ಥ್‌ನ ಸುತ್ತನ್ನು ಮುರಿಯುತ್ತವೆ. ಆದರೆ ಅಗ್ಗದ್ದು ಬೇಸ್ (ಹಾಡಿನ ತಗ್ಗು ದನಿ) ಅನ್ನೂ ತಿನ್ನುತ್ತದೆ, ಡೊಳ್ಳಿನ ಪೆಟ್ಟು ತಗಡಿನ ಪೆಟ್ಟಾಗುತ್ತದೆ.

ರೇಡಿಯೊದಲ್ಲಿ ಮಾತ್ರವೇ?

ಹಾಡು ಶುದ್ಧ, ರೇಡಿಯೊ ಹಾಕಿದರೆ ಮಾತ್ರ ಚರಚರ ಎಂದರೆ ಸದ್ದು ಏರಿಯಲ್‌ನಿಂದ ಬರುತ್ತಿದೆ. ಡೆಕ್‌ನ ಹಿಂದಿನ ಏರಿಯಲ್ ವೈರ್ ಕಿತ್ತರೆ ಖಾತ್ರಿಯಾಗುತ್ತದೆ. ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ನಲ್ಲಿ ಕೇಳುವವರಿಗೆ ಈ ಕಾಟ ಹೆಚ್ಚು, ಏಕೆಂದರೆ ಎಎಂ ಪ್ರಸಾರದಲ್ಲಿ ಇಂಜಿನ್‌ನ ಕಿಡಿಯ ಸದ್ದೂ ಧ್ವನಿಯೊಳಗೆ ಬೆರೆತುಬಿಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಇಂಜಿನ್ ವೇಗಕ್ಕೆ ತಕ್ಕಂತೆ ‘ಟಿಕ್ ಟಿಕ್’ ಎಂದರೆ ಸ್ಪಾರ್ಕ್ ಪ್ಲಗ್, ಪ್ಲಗ್ ವೈರ್ ನೋಡಿಸಿ. ಇಲ್ಲದಿದ್ದರೆ ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್, ಇವನ್ನು ಒಂದೊಂದಾಗಿ ಬಂದ್ ಮಾಡುತ್ತ ಹೋಗಿ.

ಕೊನೆಯದು, ವೈರ್‌ಗೆ ಸಂಬಂಧವೇ ಇಲ್ಲದ ಗರಗರ. ಬೇಸ್ ಬಂದಾಗ ಮಾತ್ರ ಕೇಳಿಸುತ್ತದೆ. ಒಬ್ಬರು ಹಾಡು ಹಾಕಲಿ, ಇನ್ನೊಬ್ಬರು ಬಾಗಿಲಿನ ಪ್ಯಾನಲ್, ನಂಬರ್ ಪ್ಲೇಟ್, ಹಿಂದಿನ ಟ್ರೇ ಇವನ್ನು ಅಂಗೈಯಿಂದ ಒತ್ತುತ್ತ ಬರಲಿ. ಒತ್ತಿದಾಗ ಸದ್ದು ನಿಂತ ಜಾಗಕ್ಕೆ ಫೆಲ್ಟ್ ಪಟ್ಟಿ ಅಂಟಿಸಿದರಾಯಿತು. ಎಲ್ಲೂ ನಿಲ್ಲದಿದ್ದರೆ ಸ್ಪೀಕರ್‌ನ ಕಾಗದ ಹರಿದಿದೆಯೇ ನೋಡಿ. ನನ್ನ ಕಾರಿನಲ್ಲಿ ಎಡಬಾಗಿಲಿನ ಗೂಡಿನ ತಳದಿಂದ ಹೊರಬಂದದ್ದು ಎರಡು ಐದು ರೂಪಾಯಿ ನಾಣ್ಯ, ಒಂದು ಒಣಗಿದ ದಾಳಿಂಬೆ ಸಿಪ್ಪೆ.