ತಂಡದ ಆಯ್ಕೆ, ಬಾಕ್ಸಿಂಗ್ ಮರುಪಂದ್ಯ: ಅಭಿಪ್ರಾಯ ಹೇಳುವ ಮುನ್ನ ಮಾಡಬೇಕಾದ ಕೆಲಸ

ಭಾರತ ತಂಡ ಪ್ರಕಟವಾದ ಕೂಡಲೇ ‘ಅವನನ್ನು ಏಕೆ ತೆಗೆದುಕೊಳ್ಳಲಿಲ್ಲ’ ಎಂದು ಕೇಳುವ ಮೊದಲು, ಒಂದು ಹಾಳೆಯ ಮೇಲೆ ಹನ್ನೊಂದು ಹೆಸರುಗಳನ್ನು ಬ್ಯಾಟಿಂಗ್ ಕ್ರಮದಲ್ಲೇ ಬರೆಯಿರಿ. ನಿಮ್ಮ ಮೆಚ್ಚಿನ ಆಟಗಾರನಿಗೆ ಜಾಗ ಮಾಡಿಕೊಡಲು ಯಾರನ್ನು ಹೊರಗಿಡುತ್ತೀರಿ ಎಂಬುದೂ ಅದೇ ಹಾಳೆಯಲ್ಲಿ ಕಾಣಬೇಕು. ಹೊರಹೋಗುವವನ ಹೆಸರು ಹೇಳಲಾರದ ಅಭಿಪ್ರಾಯವನ್ನು ನಾನು ಅಭಿಪ್ರಾಯವೆಂದು ಎಣಿಸುವುದಿಲ್ಲ.

ಮೈಸೂರಿನಲ್ಲಿ ಈ ಮಾತಿಗೆ ಹತ್ತಿರದ ಉದಾಹರಣೆ ಬ್ಯಾಟರ್ ಕರುಣ್ ನಾಯರ್. 2024ರಲ್ಲಿ ಮೈಸೂರು ವಾರಿಯರ್ಸ್ ತಂಡದ ನಾಯಕರಾಗಿ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದುಕೊಟ್ಟ ಅವರ ಬಗ್ಗೆ ನಮ್ಮೂರಿನವರಿಗೆ ಪ್ರೀತಿ ಹೆಚ್ಚು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದ ಅವರನ್ನು ಮುಂದಿನ ಟೆಸ್ಟ್‌ಗೇ ಆಡಿಸಲಿಲ್ಲ ಎಂಬ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಆಗ ಗಾಯದಿಂದ ಚೇತರಿಸಿಕೊಂಡು ಮರಳಿದವರು ಅಜಿಂಕ್ಯ ರಹಾನೆ. ಐವರು ಬೌಲರ್‌ಗಳ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಆ ನಿರ್ಧಾರ ಕಠಿಣವಾಗಿತ್ತಾದರೂ ಅನ್ಯಾಯವಾಗಿರಲಿಲ್ಲ ಎಂಬುದು ನನ್ನ ನಿಲುವು.

ಅನ್ಯಾಯವಾದದ್ದು 2018ರಲ್ಲಿ, ಓವಲ್‌ನಲ್ಲಿ. ಇಂಗ್ಲೆಂಡ್ ಪ್ರವಾಸದ ಮೊದಲಿನಿಂದಲೂ ಟೆಸ್ಟ್ ತಂಡದೊಂದಿಗಿದ್ದ ಕರುಣ್ ಅವರನ್ನು ಬಿಟ್ಟು, ಕೊನೆಯ ಎರಡು ಟೆಸ್ಟ್‌ಗಳಿಗೆಂದು ಸೇರಿಕೊಂಡ ಹನುಮ ವಿಹಾರಿಯವರನ್ನು ಆಡಿಸಿದರು. ವಿಹಾರಿ ಮೊದಲ ಇನಿಂಗ್ಸ್‌ನಲ್ಲಿ 56 ರನ್ ಗಳಿಸಿದರು ನಿಜ, ಆದರೆ ಆಯ್ಕೆಯನ್ನು ಅಳೆಯಬೇಕಾದದ್ದು ಟಾಸ್‌ಗೆ ಮುನ್ನ ಗೊತ್ತಿದ್ದ ಸಂಗತಿಗಳಿಂದಲೇ ಹೊರತು ಆಮೇಲೆ ಬಂದ ರನ್‌ಗಳಿಂದಲ್ಲ. ಈ ನಿಯಮವನ್ನು ನಮಗೆ ಬೇಡವಾದ ಕಡೆಯೂ ಪಾಲಿಸಬೇಕು. ಕರುಣ್ 2024–25ರ ದೇಶಿ ಏಕದಿನ ಟೂರ್ನಿ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ರಣಜಿಯಲ್ಲಿ 863 ರನ್ ಗಳಿಸಿ ಮತ್ತೆ ಟೆಸ್ಟ್ ತಂಡಕ್ಕೆ ಬಂದದ್ದು ಪೂರ್ತಿ ನ್ಯಾಯ. 2025ರ ಇಂಗ್ಲೆಂಡ್ ಪ್ರವಾಸದ ಎಂಟು ಇನಿಂಗ್ಸ್‌ಗಳಲ್ಲಿ ಒಂದೇ ಅರ್ಧಶತಕದೊಂದಿಗೆ 205 ರನ್ ಗಳಿಸಿದ ಮೇಲೆ ಜಾಗ ಕಳೆದುಕೊಂಡದ್ದನ್ನು, ಮನಸ್ಸಿಗೆ ನೋವಾದರೂ, ನಾನು ತಪ್ಪೆನ್ನಲಾರೆ.

ರನ್‌ಗಳನ್ನು ಎಣಿಸಿದರೆ ಸಾಲದು, ಪಿಚ್‌ನೊಂದಿಗೆ ತೂಗಿ ನೋಡಬೇಕು. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಮುಂಬೈ 233 ಮತ್ತು 234, ಕರ್ನಾಟಕ ಮೊದಲ ಸರದಿಯಲ್ಲಿ ಬರೇ 130. ಅಂಥ ಪಿಚ್ ಮೇಲೆ 338 ರನ್‌ಗಳ ಬೆನ್ನಟ್ಟುವಿಕೆಯಲ್ಲಿ ಮನೀಶ್ ಪಾಂಡೆ 144 ಹೊಡೆದರು; ನಾವು ಆರು ರನ್‌ಗಳಿಂದ ಸೋತೆವು. ಚಪ್ಪಟೆ ಪಿಚ್‌ನ ದ್ವಿಶತಕಕ್ಕಿಂತ ಆ 144ನ್ನು ನಾನು ಮೇಲಿಡುತ್ತೇನೆ. ಆದ್ದರಿಂದ ಸ್ಕೋರ್ ಕಾರ್ಡ್ ತೆರೆದಾಗ ಆಟಗಾರನ ಸಾಲಿಗೆ ಮುಂಚೆ ಎರಡೂ ತಂಡಗಳ ಮೊತ್ತವನ್ನು ಓದಿರಿ.

ಇನ್ನು ಬಾಕ್ಸಿಂಗ್. ದಸರಾ ಕುಸ್ತಿ ನೋಡಿ ಬೆಳೆದ ನಮಗೆ ಬೆನ್ನು ಮಣ್ಣಿಗೆ ತಾಗಿದರೆ ಪಂದ್ಯ ಮುಗಿದಂತೆ, ಅಲ್ಲಿ ವಾದಕ್ಕೆ ಎಡೆಯಿಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹಾಗಲ್ಲ, ಯಾರೂ ನಾಕೌಟ್ ಆಗದಿದ್ದರೆ ಮೂವರು ತೀರ್ಪುಗಾರರ ಅಂಕಗಳೇ ಫಲಿತಾಂಶ. ಪ್ರತಿ ಸುತ್ತಿನಲ್ಲಿ ಗೆದ್ದವನಿಗೆ 10, ಸೋತವನಿಗೆ 9, ಸೋತವನು ಒಮ್ಮೆ ನೆಲಕ್ಕುರುಳಿದ್ದರೆ ಅಥವಾ ತತ್ತರಿಸಿದ ಅವನಿಗೆ ರೆಫರಿ ಆಟ ನಿಲ್ಲಿಸಿ ಎಣಿಕೆ ಹಾಕಿದ್ದರೆ ಸಾಮಾನ್ಯವಾಗಿ 8. ಮರುಪಂದ್ಯ ಬೇಕೇ ಎಂದು ಹೇಳುವ ಮೊದಲು ಪಂದ್ಯವನ್ನು ವೀಕ್ಷಕ ವಿವರಣೆಯ ಧ್ವನಿ ಅಡಗಿಸಿ ನೋಡಿ, ಸುತ್ತು ಮುಗಿದ ಕೂಡಲೇ ನಿಮ್ಮ ಅಂಕ ಬರೆದಿಡಿ.

2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಹೆವಿವೇಟ್ ಬಾಕ್ಸರ್ ಅಲೆಕ್ಸಾಂಡರ್ ಉಸಿಕ್, ಟೈಸನ್ ಫ್ಯೂರಿಯನ್ನು ಸೋಲಿಸಿದರು. ಇಬ್ಬರು ತೀರ್ಪುಗಾರರು ಉಸಿಕ್‌ಗೆ 115–112 ಮತ್ತು 114–113, ಮೂರನೆಯವರು ಫ್ಯೂರಿಗೆ 114–113 ಕೊಟ್ಟರು. ಹನ್ನೆರಡು ಸುತ್ತುಗಳೂ 10–9 ಆಗಿದ್ದರೆ ಎರಡೂ ಕಡೆಯ ಮೊತ್ತ 228 ಆಗಬೇಕಿತ್ತು. ಮೂರು ಹಾಳೆಗಳಲ್ಲೂ ಅದು 227. ಕಡಿಮೆಯಾದ ಆ ಒಂದು ಅಂಕ ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತತ್ತರಿಸಿದಾಗ ರೆಫರಿ ಹಾಕಿದ ಎಣಿಕೆಯದು. ಅದನ್ನು ಫ್ಯೂರಿಗೆ ಹಿಂದಿರುಗಿಸಿ ಲೆಕ್ಕ ಹಾಕಿದರೆ ಒಂದು ಹಾಳೆ ಉಸಿಕ್‌ಗೆ, ಒಂದು ಫ್ಯೂರಿಗೆ, ಒಂದು ಸಮ, ಅಂದರೆ ಪಂದ್ಯವೇ ಡ್ರಾ. ಇಷ್ಟು ಅಂಚಿನಲ್ಲಿದ್ದ ಪಂದ್ಯಕ್ಕೆ ಮರುಪಂದ್ಯ ಸಲ್ಲಬೇಕಾದದ್ದೇ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಮೂವರೂ ಉಸಿಕ್‌ಗೆ 116–112 ಕೊಟ್ಟ ಮೇಲೆ, ಇನ್ನೊಬ್ಬ ಪ್ರಬಲ ಎದುರಾಳಿಯನ್ನು ಸೋಲಿಸದೆ ಫ್ಯೂರಿ ಮೂರನೆಯದನ್ನು ಕೇಳುವುದನ್ನು ನಾನು ಒಪ್ಪುವುದಿಲ್ಲ.

ಮರುಪಂದ್ಯದ ಮುನ್ನ ಬಾಕ್ಸರ್‌ಗಳನ್ನು ತೂಗುವ ದಿನದ ಅಂಕಿಗಳನ್ನೂ ನೋಡಿರಿ. 2019ರ ಜೂನ್‌ನಲ್ಲಿ ಆಂಥೊನಿ ಜೋಶುವಾರನ್ನು ಏಳನೇ ಸುತ್ತಿನಲ್ಲಿ ಸೋಲಿಸಿದ್ದ ಆಂಡಿ ರೂಯಿಜ್, ಡಿಸೆಂಬರ್‌ನ ಮರುಪಂದ್ಯಕ್ಕೆ ಸುಮಾರು 122 ಕೆ.ಜಿ.ಯಿಂದ 128 ಕೆ.ಜಿ.ಗೆ ಏರಿ ಬಂದರು. ಜೋಶುವಾ ತೂಕ ಇಳಿಸಿಕೊಂಡು ಬಂದು ದೂರದಿಂದಲೇ ಆಡಿ ಗೆದ್ದರು.

ಆಯ್ಕೆಯೂ ಬಾಕ್ಸಿಂಗ್ ಕಣವೂ ಒಂದಾದ ಸಂದರ್ಭವೂ ಉಂಟು. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಗಳ 51 ಕೆ.ಜಿ. ವಿಭಾಗಕ್ಕೆ ಮೇರಿ ಕೋಮ್ ನೇರವಾಗಿ ಹೋಗುವ ಮಾತು ಬಂದಾಗ ನಿಖತ್ ಝರೀನ್ ಕ್ರೀಡಾ ಸಚಿವರಿಗೆ ಪತ್ರ ಬರೆದು ಟ್ರಯಲ್ಸ್ ಕೇಳಿದರು. ಡಿಸೆಂಬರ್‌ನಲ್ಲಿ ನಡೆದ ಆ ಪಂದ್ಯವನ್ನು ಮೇರಿ 9–1ರ ವಿಭಜಿತ ತೀರ್ಪಿನಿಂದ ಗೆದ್ದರು. ಸೋತರೂ ನಿಖತ್ ಕೇಳಿದ್ದು ಸರಿಯೇ. ಇಬ್ಬರು ಬ್ಯಾಟರ್‌ಗಳನ್ನು ಹಾಗೆ ಎದುರುಬದುರು ನಿಲ್ಲಿಸಲಾಗದು. ಅದಕ್ಕೇ ಕ್ರಿಕೆಟ್ ಆಯ್ಕೆಯ ಬಗ್ಗೆ ಬರೆಯುವಾಗ ಹೆಸರು, ಕಾರಣ, ದಿನಾಂಕ ಮೂರನ್ನೂ ತಂಡ ಪ್ರಕಟವಾಗುವ ಮೊದಲೇ ದಾಖಲಿಸಿ, ಯಾವ ಸಂಗತಿ ಕಂಡರೆ ನಿಮ್ಮ ನಿಲುವು ಬದಲಾಗುತ್ತದೆ ಎಂಬುದನ್ನೂ ಅದರ ಕೆಳಗೆ ಬರೆದಿಡಿ.