ಜೀನ್ಸ್ ಯೂನಿಟ್ಟಿನ ಗುಂಯ್ ಶಬ್ದಾನೇ ಶ್ರುತಿ ಮಾಡ್ಕೊಂಡೆ: ನನ್ನ ಅನುಭವ

ಬಳ್ಳಾರಿಯ ಜೀನ್ಸ್ ಹೊಲಿಯೋ ಯೂನಿಟ್ಟಿನ ಸದ್ದುಗಳನ್ನ ರೆಕಾರ್ಡ್ ಮಾಡಿ, ಜೋಡಿಸಿ ಒಂದು ಸಂಗೀತದ ಪೀಸ್ ಮಾಡೀನಿ. ನಾಟಕದ ಟೀಮಿನವರು ಮೊನ್ನೆ ಐದು ಸಾವಿರ ಕೊಟ್ಟು ಅದನ್ನ ತಗೊಂಡ್ರು, ಅದ್ಕೇ ಈಗ ಧೈರ್ಯವಾಗಿ ಬರೀತಿದೀನಿ. ಇಷ್ಟು ದಿನ ಎಲ್ರೂ ಅದೇನು ಸಂಗೀತನಾ ಗದ್ದಲನಾ ಅಂತಿದ್ರು. 1948ರಲ್ಲೇ ಫ್ರಾನ್ಸಿನ ಪಿಯರ್ ಶೇಫರ್ ಅನ್ನೋನು ರೈಲಿನ ಸದ್ದು ಕತ್ತರಿಸಿ ಜೋಡಿಸಿ ರೇಡಿಯೋದಲ್ಲಿ ಕೇಳಿಸ್ಯಾನೆ ಅಂದ್ರೆ, 'ಅದು ಪ್ಯಾರಿಸ್ಸಪ್ಪ, ಇದು ಬಳ್ಳಾರಿ' ಅಂತ ನಗೋರು.

ಫೋನಲ್ಲಿ ಶುರು ಮಾಡಿದ್ದು ಎಲ್ಲಾ ವೇಸ್ಟ್. ಜೀನ್ಸಿಗೆ ರಿವೆಟ್ ಹೊಡೆದ ಕೂಡ್ಲೇ ಫೋನು ತಾನೇ ಗೇನ್, ಅಂದ್ರೆ ಸದ್ದು ಹಿಡಿಯೋ ಮಟ್ಟ, ಇಳಿಸುತ್ತೆ, ಹಿಂದಿನ ಸದ್ದು ಮುಳುಗಿ ಮತ್ತೆ ಉಬ್ಬಿ ಬರ್ತೈತೆ. ಆಮೇಲೆ ಸೆಕೆಂಡ್ ಹ್ಯಾಂಡ್ ರೆಕಾರ್ಡರ್, ಏಳೋ ಎಂಟೋ ಸಾವಿರ. ಮೆಷಿನ್ ಮೈಗೆ ಅಂಟಿಸಿ ಅದರ ನಡುಕಾನೇ ಸದ್ದಾಗಿ ಹಿಡಿಯೋ ಪೀಜೋ ಬಿಲ್ಲೆ ಹದಿನೈದಿಪ್ಪತ್ತು ರೂಪಾಯಿ ಅಷ್ಟೇ, ಆದ್ರೆ ನೇರ ರೆಕಾರ್ಡರಿಗೆ ಚುಚ್ಚಿದ್ರೆ ಬೇಸ್ ಎಲ್ಲಾ ಹೋಗಿ ಚಿರ್ ಅಂತೈತೆ, ಮಧ್ಯ ಬಫರ್ ಅನ್ನೋ ಸಣ್ಣ ಸರ್ಕ್ಯೂಟ್ ಬೇಕೇ ಬೇಕು, ಅದು ಸರಿಯಾಗೋ ಹೊತ್ತಿಗೆ ಇನ್ನೊಂದು ಸಾವಿರ ಹೋಯ್ತು. ಬಿಲ್ಲೆನ ಮೆಷಿನ್ನಿಗೆ ಏನ್ ಹಾಕಿ ಅಂಟಿಸ್ತೀನಿ ಅಂತ ಮಾತ್ರ ಕೇಳ್ಬೇಡಿ, ಹೇಳಲ್ಲ.

ನಿಜವಾಗಿ ಸತಾಯಿಸಿದ್ದು ಮೋಟರಿನ ಗುಂಯ್ ಶಬ್ದ. ಹಳೇ ಕ್ಲಚ್ ಮೋಟರ್ ಹೊಲಿದ್ರೂ ಹೊಲೀದಿದ್ರೂ ಗುಂಯ್ ಅಂತಾನೇ ಇರ್ತೈತೆ. ಇಕ್ಯೂ, ಅಂದ್ರೆ ಸದ್ದಿನ ಒಂದೊಂದು ಪಟ್ಟಿ ತಗ್ಗಿಸೋ ಸಾಧನ, ಹಾಕಿ 100, 200, 300 ಹರ್ಟ್ಸ್ ಅಂತ ಕೆತ್ತಿ ಕೆತ್ತಿ ಉಳಿದಿದ್ದು ತಗಡಿನ ಸದ್ದು. ಕೊನೆಗೆ ಕೆತ್ತೋದೇ ಬಿಟ್ಟೆ, ಅದನ್ನೇ ಷಡ್ಜ ಮಾಡ್ಕೊಂಡೆ. ನಮ್ಮ ಕರೆಂಟು 50 ಹರ್ಟ್ಸ್, ಮೋಟರ್ ಗುಂಯ್ ಅನ್ನೋದು ಅದರ ಎರಡರಷ್ಟು, 100ರಲ್ಲಿ, ಹಾರ್ಮೋನಿಯಂನ ಮಂದ್ರದ ಬಿಳಿ ಐದನೇ ಮನೆಗಿಂತ ಚೂರು ಏರು. ತಂಬೂರಿ ಆಪ್ ಅಲ್ಲಿಗೇ ಕೂಡಿಸಿ ಅಂಚು ಹೊಲಿಯೋ ಓವರ್‌ಲಾಕ್ ಮೆಷಿನ್ನು, ಕತ್ತರಿ, ಇಸ್ತ್ರಿ ಹಬೆ ಎಲ್ಲಾನೂ ಪಿಚ್ ಎಳೆದು ಅದರ ಸುತ್ತ ಕೂರಿಸಿದೆ, ಒಂದೇ ರಾತ್ರೀಲಿ ಪೀಸ್ ನಿಂತ್ಕೊಂಡ್ತು! ಹೊಸ ಸರ್ವೋ ಮೋಟರ್ ಇರೋ ಯೂನಿಟ್ಟಿಗೆ ಹೋಗ್ಲೇಬೇಡಿ, ಕಾಲು ತೆಗೆದ್ರೆ ಸುಮ್ಮನಾಗ್ತೈತೆ, ನಮಗೆ ಅದು ದಂಡ.

ತಾಳಕ್ಕೆ ಬಾರ್‌ಟ್ಯಾಕ್ ಮೆಷಿನ್ನು, ಅಂದ್ರೆ ಜೇಬಿನ ಮೂಲೆಗೆ ಒತ್ತೊತ್ತಾಗಿ ಗಟ್ಟಿ ಹೊಲಿಗೆ ಹಾಕೋದು. ಒಂದು ಸೆಕೆಂಡಿಗೆ ಮೂವತ್ತು ನಲವತ್ತು ಹೊಲಿಗೆ, ಕಿವಿಗೆ ಬರೀ ಟರ್ರ್. ಕಾಲು ಸ್ಪೀಡಿಗೆ ಇಳಿಸಿದ್ರೆ ದೂರದಲ್ಲಿ ಡೊಳ್ಳು ಬಡಿದಂಗೆ ಒಂದೊಂದೂ ಬಿಡಿಬಿಡಿಯಾಗಿ ಕೇಳ್ತವೆ. ಈ ಮಧ್ಯ ಮುನಿರಾಬಾದಿಗೂ ಹೋಗಿದ್ದೆ, ತುಂಗಭದ್ರಾ ಡ್ಯಾಮ್ ಗೇಟಿನ ನೀರಿನ ಸದ್ದಿಗೆ. ನೋಡೋಕೆ ಬಾಳ ಚೆಂದ, ರೆಕಾರ್ಡ್ ಮಾಡಿದ್ರೆ ಟೀವಿ ಸಿಗ್ನಲ್ ಹೋದಂಗೆ ಬರೀ ಶ್ಶ್. ಅದಕ್ಕಿಂತ ಮಂಡಕ್ಕಿ ಭಟ್ಟಿ ವಾಸಿ, ಮರಳಲ್ಲಿ ಅಕ್ಕಿ ಸಿಡಿಯೋದು ಎಷ್ಟು ಹೊತ್ತು ಕೇಳಿದ್ರೂ ಬೇಜಾರಾಗಲ್ಲ.

ಕರೆಂಟ್ ಹೋಗಿ ಜನರೇಟರ್ ಶುರುವಾದ್ರೆ ಟೇಕ್ ನಿಲ್ಲಿಸಬೇಡಿ. ಇಸ್ತ್ರಿ ಬಾಯ್ಲರ್ ಆನ್ ಆದಾಗೆಲ್ಲ ಲೋಡ್ ಬಿದ್ದು ಜನರೇಟರ್ ನಿಧಾನವಾಗಿ, ಗುಂಯ್ ಶ್ರುತಿ ಜಾರಿ ಇಳೀತೈತೆ. ಆ ಟೇಕುಗಳನ್ನ ಮೇನ್ ಪೀಸಲ್ಲಿ ಸೇರಿಸೋಕಾಗಲ್ಲ, ಬೇರೆ ಫೋಲ್ಡರಲ್ಲಿ ಇಟ್ಟೀನಿ, ಷಡ್ಜಾನೇ ಜಾರೋ ಇನ್ನೊಂದು ಪೀಸ್ ಮಾಡೋದೈತೆ.